ಜಿ. ಆರ್. ವಿಶ್ವನಾಥ್

ಭಾರತ ಹಾಗೂ ಕರ್ನಾಟಕ ತಂಡಗಳ ಬ್ಯಾಟುಗಾರ ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ, 1949ರ ಫೆಬ್ರವರಿ 12ರಂದು. ಕಬ್ಬಿಣದ ಕಾರ್ಖಾನೆಗೆ ಹೆಸರಾದ ಆ ಊರಿನಿಂದ ಬಂದ ಈ ಗಿಡ್ಡ ಮೈಕಟ್ಟಿನ ಆಟಗಾರನನ್ನು ಅಭಿಮಾನಿಗಳು ಪ್ರೀತಿಯಿಂದ ‘ವಿಶಿ’ ಎಂದೇ ಕರೆದರು. ಆಟ ಪಳಗಿದ್ದು ಬೆಂಗಳೂರಿನಲ್ಲಿ.

1967ರಲ್ಲಿ ಮೈಸೂರು ತಂಡದ ಪರವಾಗಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಪ್ರವೇಶ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರಿಗಿಂತ ಮುಂಚೆ ಚೊಚ್ಚಲ ಟೆಸ್ಟಿನಲ್ಲಿ ಶತಕ ಗಳಿಸಿದ್ದ ಭಾರತೀಯರಲ್ಲಿ ಯಾರಿಗೂ ಮತ್ತೊಂದು ಶತಕ ಒಲಿದಿರಲಿಲ್ಲ. ವಿಶ್ವನಾಥ್ ಇನ್ನೂ 13 ಸೇರಿಸಿದರು. ಒಟ್ಟು 91 ಟೆಸ್ಟ್, 6,080 ರನ್. ಅತ್ಯಧಿಕ 222, ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ.

ಮಣಿಕಟ್ಟಿನ ಬಲದಿಂದ ಹೊಮ್ಮುತ್ತಿದ್ದ ಸ್ಕ್ವೇರ್ ಕಟ್ ಅವರ ಸಹಿಯಂತಿತ್ತು. ಆದರೆ ಅವರ ದೊಡ್ಡಸ್ತಿಕೆ ಹೊಡೆತದ ಸೊಗಸಿಗಿಂತ ರನ್ ಬಂದ ಹೊತ್ತಿನಲ್ಲಿದೆ: ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ. ಇದಕ್ಕೆ ಶ್ರೇಷ್ಠ ನಿದರ್ಶನ ಮಾತ್ರ ಶತಕವಲ್ಲ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಕಟ್ಟಿಹಾಕಿದರು. ಅದರಲ್ಲಿ 97 ವಿಶ್ವನಾಥರದೇ. ಜೊತೆಗಾರರು ಮುಗಿದರೂ ಅವರು ಔಟಾಗಲಿಲ್ಲ. ಭಾರತ ಆ ಪಂದ್ಯವನ್ನು 100 ರನ್‌ಗಳಿಂದ ಗೆದ್ದಿತು. ಮರುವರ್ಷ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403ರ ಗುರಿ ಬೆನ್ನಟ್ಟಿ ಗೆದ್ದಾಗ ಅವರ ಪಾಲು 112.

ರಾಜ್ಯದ ಕ್ರಿಕೆಟ್ಟಿಗೂ ಅವರ ಕೊಡುಗೆ ಕಡಿಮೆಯದಲ್ಲ. ಸತತ 15 ವರ್ಷ ರಣಜಿ ಟ್ರೋಫಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಬೊಂಬಾಯಿಯನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ ತಡೆದಾಗ ಅವರು 162 ರನ್ ಗಳಿಸಿದರು. ಆ ವರ್ಷ ಟ್ರೋಫಿ ಮೊದಲ ಬಾರಿಗೆ ರಾಜ್ಯಕ್ಕೆ ಬಂತು.

ಭಾರತ ತಂಡದ ನಾಯಕರಾಗಿದ್ದು ಎರಡೇ ಟೆಸ್ಟ್‌ಗಳಲ್ಲಿ. 1980ರ ಬೊಂಬಾಯಿ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ತೀರ್ಪು ಬದಲಿಸುವಂತೆ ಕೋರಿ ಅವರನ್ನು ವಾಪಸು ಕರೆಸಿದರು. ಟೇಲರ್ ಇಯಾನ್ ಬಾಥಮ್ ಜೊತೆ 171 ರನ್ ಕೂಡಿಸಿದರು, ಭಾರತ ಸೋತಿತು. ಸೋಲು ಗೆಲುವಿನ ಲೆಕ್ಕದಾಚೆಗೂ ಆ ನಡೆ ಕ್ರಿಕೆಟ್ ಚರಿತ್ರೆಯಲ್ಲಿ ಗೌರವದಿಂದ ಉಳಿದಿದೆ.

ಸುನಿಲ್ ಗಾವಸ್ಕರ್ ಅವರ ತಂಗಿ ಕವಿತಾ ಇವರ ಪತ್ನಿ. 1983ರಲ್ಲಿ ಪಾಕಿಸ್ತಾನದಲ್ಲಿ ಕೊನೆಯ ಟೆಸ್ಟ್ ಆಡಿದ ವಿಶ್ವನಾಥ್, 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿದ್ದರು. ಅವರ ಇಂಗ್ಲಿಷ್ ಆತ್ಮಕಥೆ 2022ರಲ್ಲಿ ಪ್ರಕಟವಾಯಿತು.