ನಯಗೊಳಿಸುವುದೋ, ಬದಲಿಸುವುದೋ? ದಕ್ಷಿಣ ಬೆಂಗಳೂರಿನ ಪಾರದರ್ಶಕ ಪ್ಲಾಸ್ಟಿಕ್ಕು ಮತ್ತು ಸೂಕ್ಷ್ಮ ಗೀರುಗಳು

ಹಳೆಯ ಕೈಗಡಿಯಾರದ ಗ್ಲಾಸು, ಹೆಲ್ಮೆಟ್ಟಿನ ವೈಸರ್, ಕಾರಿನ ಹೆಡ್‌ಲೈಟಿನ ಮುಚ್ಚಳ ಮೂರೂ ಪಾರದರ್ಶಕ ಪ್ಲಾಸ್ಟಿಕ್ಕಿನವು: ಮೊದಲನೆಯದು ಅಕ್ರಿಲಿಕ್ಕು, ಉಳಿದೆರಡು ಪಾಲಿಕಾರ್ಬೊನೇಟು. ಆದರೆ ಒಂದಕ್ಕೆ ಹೊಳಪು ಮರಳಿಸುವ ಉಜ್ಜುವಿಕೆಯೇ ಇನ್ನೊಂದನ್ನು ಕೆಡಿಸುತ್ತದೆ. ಗೀರು ತೆಗೆಯಬೇಕೇ ಬೇಡವೇ ಎಂಬುದನ್ನು ಅದರ ಆಳಕ್ಕಿಂತ ಮೊದಲು ಮೇಲ್ಪದರದ ಸ್ವರೂಪ ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ.

ಗೀರಿನ ಮೂಲ ಇಲ್ಲಿನ ನೆಲದಲ್ಲೇ ಇದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್ ಶಿಲೆ. ಜಯನಗರ, ಬನಶಂಕರಿಗಳ ನೆಲದಡಿಯೂ ಇದೇ ಶಿಲಾವರ್ಗ. ಈ ಶಿಲೆ ಶಿಥಿಲವಾದಾಗ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕ್ವಾರ್ಟ್ಸ್ ಹರಳು ಹಾಗೆಯೇ ಉಳಿಯುತ್ತದೆ. ಕಟ್ಟಡ ಕೆಲಸದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಧೂಳೂ ಅದಕ್ಕೆ ಸೇರುತ್ತದೆ. ಮೋಸ್ ಮಾಪಕದಲ್ಲಿ ಕ್ವಾರ್ಟ್ಸ್‌ನ ಗಡಸುತನ 7, ಅಕ್ರಿಲಿಕ್ಕಿನದು 3ರ ಆಸುಪಾಸು. ಹೀಗಾಗಿ ಧೂಳು ಕೂತ ಪ್ಲಾಸ್ಟಿಕ್ಕನ್ನು ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುವುದು ಖಚಿತ.

ಗೀರು ಕಾಣುವುದು ಅದರ ಅಂಚುಗಳು ಬೆಳಕನ್ನು ಚದುರಿಸುವುದರಿಂದ. ಅಕ್ರಿಲಿಕ್ಕಿನ ವಕ್ರೀಭವನ ಸೂಚ್ಯಂಕ 1.49, ನೀರಿನದು 1.33, ಗಾಳಿಯದು ಸುಮಾರು 1. ಗೀರಿನಲ್ಲಿ ನೀರು ನಿಂತಾಗ ಈ ಅಂತರ ತಗ್ಗಿ ಅದು ಮಾಯವಾದಂತೆ ತೋರುತ್ತದೆ, ಒಣಗಿದೊಡನೆ ಮತ್ತೆ ಕಾಣುತ್ತದೆ. ಎಣ್ಣೆ, ಮೇಣ ಸವರಿ ಪಡೆದ ಹೊಳಪು ಕೂಡ ಇಂಥ ತಾತ್ಕಾಲಿಕ ಮರೆಯೇ. ನಿಜವಾದ ಪರಿಹಾರವೆಂದರೆ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದವರೆಗೂ ಸವೆಸಿ, ಉಳಿದ ಒರಟುತನವನ್ನು ಬೆಳಕಿನ ತರಂಗಾಂತರಕ್ಕಿಂತ (400–700 ನ್ಯಾನೊಮೀಟರ್) ಬಹಳ ಕೆಳಕ್ಕೆ ತರುವುದು.

ಲೇಪವಿಲ್ಲದ ಅಕ್ರಿಲಿಕ್ಕು ಇದಕ್ಕೆ ಒಗ್ಗುತ್ತದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ‘ಜನತಾ’ದಂಥ ಮಾದರಿಗಳ ಗ್ಲಾಸು ಇಂಥದ್ದು. ಗೀರು ತುಸು ಆಳವಿದ್ದರೆ 2000 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿ ಮೃದುವಾಗಿ ಉಜ್ಜಬೇಕು, ಗಡಿಯಾರದೊಳಗೆ ನೀರು ಇಳಿಯದಂತೆ ನೋಡಿಕೊಳ್ಳಬೇಕು. ಮುಂದಿನ ನಂಬರಿಗೆ ಹೋದಾಗ ಅಡ್ಡದಿಕ್ಕಿನಲ್ಲಿ ಉಜ್ಜಿದರೆ ಹಿಂದಿನ ಗೆರೆ ಉಳಿದಿದೆಯೇ ಎಂಬುದು ಕಾಣುತ್ತದೆ. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಬ್ರಾಸೋ ಪಾಲಿಶ್ ಅಥವಾ ಟೂತ್‌ಪೇಸ್ಟ್ ಸಾಕು. ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಕ್ರಿಲಿಕ್ಕು ಮೆದುವಾಗುವುದರಿಂದ ವೇಗದ ಬಫಿಂಗ್ ಯಂತ್ರಕ್ಕಿಂತ ಕೈಯೇ ಲೇಸು.

ಪಾಲಿಕಾರ್ಬೊನೇಟಿನ ವಿಷಯ ಬೇರೆ. ಈ ಪ್ಲಾಸ್ಟಿಕ್ಕು ಪೆಟ್ಟು ತಾಳುತ್ತದೆ, ಗೀರು ತಾಳದು. ಆದ್ದರಿಂದಲೇ ಒಳ್ಳೆಯ ವೈಸರ್, ಹೆಡ್‌ಲೈಟುಗಳ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಗಡಸು ಲೇಪವಿರುತ್ತದೆ. ಉಜ್ಜಿದರೆ ಗೀರಿಗಿಂತ ಮೊದಲು ಲೇಪವೇ ಹೋಗುತ್ತದೆ. ಲೇಪ ಕಳೆದುಕೊಂಡ ವೈಸರಿಗೆ ಗೀರುಗಳು ಮತ್ತಷ್ಟು ಬೇಗ ಬೀಳುತ್ತವೆ. ಅತಿನೇರಳೆ ಕಿರಣಗಳಿಗೆ ತೆರೆದುಕೊಂಡ ಹೆಡ್‌ಲೈಟು, ರಕ್ಷಕ ಲೇಪವನ್ನು ಮತ್ತೆ ಹಾಕದಿದ್ದರೆ, ಪುನಃ ಹಳದಿಗಟ್ಟುತ್ತದೆ. ಥಿನ್ನರ್, ಅಮೋನಿಯ ಇರುವ ಗ್ಲಾಸ್ ಕ್ಲೀನರ್‌ಗಳೂ ಪಾಲಿಕಾರ್ಬೊನೇಟಿಗೆ ಹಾನಿಕರ.

ಗಡಿಯಾರದ ಗ್ಲಾಸು ಮಸುಕಾದರೆ ಓದಲು ಕಷ್ಟವಾಗುತ್ತದೆ, ಅಷ್ಟೇ. ರಾತ್ರಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಸವಾರನಿಗೆ ಮಾತ್ರ ವೈಸರಿನ ಪ್ರತಿ ಗೀರೂ ಎದುರಿನ ದೀಪವನ್ನು ಕಣ್ಣಿಗೆ ಚದುರಿಸುತ್ತದೆ. ಆದ್ದರಿಂದ ಅಕ್ರಿಲಿಕ್ಕನ್ನು ರಿಪೇರಿ ಮಾಡಿ ಉಳಿಸಿಕೊಳ್ಳಬೇಕು. ವೈಸರನ್ನು ಮೊದಲು ನೀರು ಸುರಿದು ಧೂಳು ಕಳೆದೇ ಒರೆಸಬೇಕು, ಗೀರು ನೋಟಕ್ಕೆ ಅಡ್ಡಬಂದರೆ ಬದಲಿಸಬೇಕು. ರಿಪೇರಿಯ ಜಾಣ್ಮೆಯಲ್ಲಿ ಎಲ್ಲಿ ಕೈಹಾಕಬಾರದೆಂಬ ತಿಳಿವಳಿಕೆಯೂ ಸೇರಿದೆ, ಸವಾರನ ಜೀವ ಅದನ್ನು ಅವಲಂಬಿಸಿದೆ.