ಇಳಿಜಾರಿನ ಇತಿಹಾಸ

ರೋಲರ್ ಕೋಸ್ಟರುಗಳನ್ನು ನೋಡಲು ನಾಲ್ಕು ದಿನ ಕಾರಿನಲ್ಲಿ ಸುತ್ತಿದೆ ಎಂದರೆ ನಮ್ಮ ವಿಭಾಗದಲ್ಲಿ ಯಾರೂ ಅದನ್ನು ಸಂಶೋಧನೆ ಎಂದು ಒಪ್ಪುವುದಿಲ್ಲ. ಹೊರಡುವಾಗ ನಾನೂ ಒಪ್ಪಿರಲಿಲ್ಲ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಬಿಡುವಿನ ವೇಳೆ ನನ್ನ ಪಿಎಚ್‌ಡಿಯ ವಿಷಯ. ಬೇರೆ ದೇಶದ ಗಣಿ ಊರುಗಳ ಜೊತೆ ಹೋಲಿಸಿ ನೋಡಲೆಂದು ವಾಷಿಂಗ್ಟನ್ನಿಗೆ ಹೋಗಿ ಆರು ವಾರ ಹಳೆಯ ವರದಿಗಳನ್ನು ಓದುತ್ತಾ ಕೂತಿದ್ದೆ. ಕೆಲಸದ ಬಗ್ಗೆ ಕಾಗದಪತ್ರ ಬೇಕಾದಷ್ಟು ಸಿಗುತ್ತವೆ. ಎಷ್ಟು ಟನ್ ತೆಗೆದರು, ಎಷ್ಟು ಕೂಲಿ ಕೊಟ್ಟರು, ಎಷ್ಟು ಜನ ಸತ್ತರು ಎಲ್ಲ ಇದೆ. ಆ ಜನ ಯಾವಾಗ ನಕ್ಕರು ಎಂಬುದಕ್ಕೆ ಕಡತವಿಲ್ಲ.

ಕೊನೆಯ ವಾರ, ಅಲ್ಲೇ ಕೆಲಸದಲ್ಲಿರುವ ಮೈಸೂರಿನ ಗೆಳತಿ ಕಾರು ತಂದು ನಿಲ್ಲಿಸಿದಳು. ‘ನಿನ್ನ ಗಣಿ ಸಾಕು ಕಣೇ, ಬಾ, ಎಲ್ಲಾದರೂ ಬಿದ್ದು ಬರೋಣ’ ಎಂದಳು. ಅವಳಿಗೆ ರೋಲರ್ ಕೋಸ್ಟರಿನ ಹುಚ್ಚು. ಹತ್ತಿದ್ದು ಎಷ್ಟು, ಹತ್ತಬೇಕಾದ್ದು ಎಷ್ಟು ಎಂದು ಫೋನಿನಲ್ಲಿ ಪಟ್ಟಿ ಇಟ್ಟುಕೊಂಡಿದ್ದಾಳೆ. ಆ ಪಟ್ಟಿಯಲ್ಲಿ ಇಲ್ಲದ ಎರಡು ಊರುಗಳನ್ನು ನಾನು ಸೇರಿಸಿದೆ. ಮೊದಲನೆಯದರಲ್ಲಿ ರೋಲರ್ ಕೋಸ್ಟರೇ ಇಲ್ಲ.

ಪೆನ್ಸಿಲ್ವೇನಿಯಾದ ಲೀಹೈ ನದಿಯ ಕಣಿವೆಯಲ್ಲಿ ಜಿಮ್ ಥಾರ್ಪ್ ಎಂಬ ಊರಿದೆ. 1954ರವರೆಗೆ ಅದರ ಹೆಸರು ಮಾಕ್ ಚಂಕ್. ಅಲ್ಲಿಂದ ಮೇಲೆ ಬೆಟ್ಟದಲ್ಲಿರುವ ಸಮಿಟ್ ಹಿಲ್‌ನಲ್ಲಿ ಕಲ್ಲಿದ್ದಲಿನ ಗಣಿಗಳಿದ್ದವು. ಅಗೆದ ಕಲ್ಲಿದ್ದಲನ್ನು ಕೆಳಗೆ ನದಿಯ ದೋಣಿಗಳಿಗೆ ಮುಟ್ಟಿಸಲು ಗಣಿ ಕಂಪನಿ 1827ರಲ್ಲಿ ಸುಮಾರು 14 ಕಿಲೋಮೀಟರ್ ಉದ್ದದ ಹಳಿ ಹಾಕಿಸಿತು. ಎಂಜಿನ್ ಇರಲಿಲ್ಲ. ಬೆಟ್ಟದ ಇಳಿಜಾರೇ ಎಂಜಿನ್. ತುಂಬಿದ ಬಂಡಿಗಳು ತಮ್ಮ ಭಾರಕ್ಕೆ ತಾವೇ ಉರುಳುತ್ತಾ ಇಳಿಯುತ್ತಿದ್ದವು. ಖಾಲಿ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯಬೇಕಾದ್ದು ಹೇಸರಗತ್ತೆಗಳು. ಅದಕ್ಕಾಗಿ ಇಳಿಯುವಾಗ ಅವನ್ನೂ ಬಂಡಿಯಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. ಸವಾರಿಯ ರುಚಿ ಹತ್ತಿದ ಮೇಲೆ ಅವು ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲವಂತೆ. ಅಮೆರಿಕದ ಮೊದಲ ರೋಲರ್ ಕೋಸ್ಟರ್ ಪ್ರಯಾಣಿಕರು ಹೇಸರಗತ್ತೆಗಳು ಎಂದರೆ ತಪ್ಪಾಗಲಾರದು. ಹತ್ತುವಾಗ ದುಡಿಮೆ, ಇಳಿಯುವಾಗ ಮಜ.

1840ರ ದಶಕದಲ್ಲಿ ಬೆಟ್ಟದ ಮೇಲೆ ಉಗಿಯಂತ್ರ ಕೂರಿಸಿ ಬಂಡಿಗಳನ್ನು ಮೇಲೆಳೆಯುವ ಏರ್ಪಾಡಾಯಿತು. 1872ರಲ್ಲಿ ಬೆಟ್ಟದ ಅಡಿಯಲ್ಲಿ ಸುರಂಗ ತೆರೆದಾಗ ಕಲ್ಲಿದ್ದಲು ಆ ದಾರಿ ಬಿಟ್ಟಿತು. ಉಳಿದ ಹಳಿಯ ಮೇಲೆ ಪ್ರವಾಸಿಗಳು ಬಂದು ಕೂತರು. ಅದೇ ಇಳಿಜಾರು, ಅದೇ ಹಳಿ, ಈಗ ಟಿಕೆಟ್ಟು. 1933ರವರೆಗೂ ಅದು ಓಡಿತು. ಹಳಿಯನ್ನು ಕಿತ್ತು ಗುಜರಿಗೆ ಮಾರಿದ್ದಾರೆ. ದಾರಿ ಮಾತ್ರ ಉಳಿದು ನಡೆಯುವವರಿಗೆ, ಸೈಕಲ್ಲಿನವರಿಗೆ ಆಗಿದೆ. ನಾವೂ ಅದರಲ್ಲಿ ಒಂದಿಷ್ಟು ದೂರ ನಡೆದೆವು.

ಅದೇ ಊರಿನಲ್ಲಿ ಹಳೆಯ ಜೈಲೊಂದು ಮ್ಯೂಸಿಯಂ ಆಗಿದೆ. 1877ರ ಜೂನ್ 21ರಂದು ಅಲ್ಲಿ ನಾಲ್ವರು ಐರಿಷ್ ಗಣಿ ಕಾರ್ಮಿಕರನ್ನು ಗಲ್ಲಿಗೇರಿಸಿದರು. ‘ಮಾಲಿ ಮಗ್ವಯರ್’ ಎಂಬ ಗುಪ್ತಕೂಟದವರು, ಗಣಿಯ ಮೇಲಾಳುಗಳನ್ನು ಕೊಂದವರು ಎಂಬುದು ಆರೋಪ. ಮುಂದಿನ ಎರಡು ವರ್ಷಗಳಲ್ಲಿ ಆ ಸೀಮೆಯಲ್ಲಿ ಗಲ್ಲಿಗೇರಿದವರ ಸಂಖ್ಯೆ 20ಕ್ಕೆ ಮುಟ್ಟಿತು. ಸಾಕ್ಷ್ಯ ಕಲೆಹಾಕಿದ್ದು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆ. ಕೆಲವು ಮೊಕದ್ದಮೆಗಳಲ್ಲಿ ಸರ್ಕಾರದ ಪರ ವಾದ ಮಾಡಿದವನು ಸ್ವತಃ ರೈಲ್ವೆ ಕಂಪನಿಯ ಅಧ್ಯಕ್ಷ. ಅಪರಾಧ ಎಷ್ಟು, ಅನ್ಯಾಯ ಎಷ್ಟು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಗಲ್ಲುಗಂಬದ ಮುಂದೆ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಇಸವಿಗಳ ಲೆಕ್ಕ. ಕೆಳಗೆ ಹಗ್ಗ ಬಿಗಿಯುತ್ತಿದ್ದ ವರ್ಷಗಳಲ್ಲೇ ಮೇಲೆ ಬೆಟ್ಟದ ಬಂಡಿಯಲ್ಲಿ ಪೇಟೆಯ ಜನ ಟೋಪಿ ಹಿಡಿದುಕೊಂಡು ಕಿರುಚುತ್ತಿದ್ದರು.

ಮಾರನೆಯ ದಿನ ಪಶ್ಚಿಮಕ್ಕೆ ಹೊರಟೆವು. ದಾರಿಯಲ್ಲಿ ಗೆಳತಿಗೆ ಕೋಸ್ಟರಿನ ವಂಶಾವಳಿ ಹೇಳುತ್ತಾ ಹೋದೆ. ಹದಿನೆಂಟನೆಯ ಶತಮಾನದ ರಷ್ಯಾದಲ್ಲಿ ಮರದ ಚೌಕಟ್ಟಿನ ಮೇಲೆ ನೀರು ಹೆಪ್ಪುಗಟ್ಟಿಸಿ ಜಾರುತ್ತಿದ್ದರು. ಪ್ಯಾರಿಸ್ಸಿನವರು ಅದಕ್ಕೆ ಗಾಲಿ ಹಾಕಿ ‘ರಷ್ಯಾದ ಬೆಟ್ಟ’ ಎಂದು ಕರೆದರು. ತಮಾಷೆ ಎಂದರೆ ರಷ್ಯನ್ನರು ಇಂದು ಅದನ್ನು ‘ಅಮೆರಿಕದ ಗುಡ್ಡ’ ಎನ್ನುತ್ತಾರೆ. ಅಮೆರಿಕದಲ್ಲಿ ಇದನ್ನು ವ್ಯಾಪಾರವಾಗಿಸಿದವನು ಲಾಮಾರ್ಕಸ್ ಥಾಮ್ಸನ್. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲತೀರದಲ್ಲಿ ಅವನು ನಿಲ್ಲಿಸಿದ ಹಳಿಯಲ್ಲಿ ಬಂಡಿಯ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ಸೈಕಲ್ ತುಳಿಯುವವರು ಹಿಂದೆ ಹಾಕಿಯಾರು. ಆದರೂ ಐದು ಸೆಂಟು ಕೊಟ್ಟು ಜನ ಮುಗಿಬಿದ್ದರು. ‘ಅಷ್ಟಕ್ಕೇ?’ ಎಂದಳು ಗೆಳತಿ.

ಅಷ್ಟು ನಿಧಾನ ಯಾಕೆಂಬುದು ಅಲ್ಟೂನಾದಲ್ಲಿ ಕಂಡಿತು. ಅಲ್ಲಿನ ಲೇಕ್‌ಮಾಂಟ್ ಪಾರ್ಕಿನಲ್ಲಿ 1902ರ ‘ಲೀಪ್ ದಿ ಡಿಪ್ಸ್’ ಇದೆ. ಇಂದು ನಿಂತಿರುವ ರೋಲರ್ ಕೋಸ್ಟರುಗಳಲ್ಲಿ ಇದೇ ಅತ್ಯಂತ ಹಳೆಯದು. ನಾವು ಹೋದ ದಿನ ಅದು ಓಡುತ್ತಿರಲಿಲ್ಲ. ಬೇಲಿಯ ಆಚೆಯಿಂದ ನೋಡಿದೆವು. ಬಿಳಿ ಬಣ್ಣದ ಮರದ ಅಟ್ಟಣೆ, ದೊಡ್ಡ ಮದುವೆ ಚಪ್ಪರದ ಹಾಗೆ. ಅದರ ಅತಿ ದೊಡ್ಡ ಇಳಿತ 9 ಅಡಿ. ಬಂಡಿಯ ಗಾಲಿಗಳು ಹಳಿಯ ಮೇಲೆ ಸುಮ್ಮನೆ ಕೂತಿರುತ್ತವೆ, ಪಕ್ಕಕ್ಕೆ ಸರಿಯದಂತೆ ಬದಿಯಲ್ಲಿ ತಡೆ ಇರುತ್ತದೆ, ಅಷ್ಟೇ. ವೇಗ ಹೆಚ್ಚಿದರೆ ಬಂಡಿ ಹಳಿ ಬಿಟ್ಟು ಏಳುತ್ತದೆ. 1919ರಲ್ಲಿ ಜಾನ್ ಮಿಲ್ಲರ್ ಎಂಬ ಎಂಜಿನಿಯರ್ ಹಳಿಯ ಅಡಿಗೂ ಒಂದು ಗಾಲಿ ಕೊಟ್ಟು ಪೇಟೆಂಟ್ ಪಡೆದ. ಮೇಲೊಂದು, ಕೆಳಗೊಂದು ಗಾಲಿ ಹಳಿಯನ್ನು ಕಚ್ಚಿ ಹಿಡಿದ ಮೇಲೆ ಬಂಡಿ ಏಳುವಂತಿಲ್ಲ. 1920ರ ದಶಕದಲ್ಲಿ ಕೋಸ್ಟರುಗಳು ಇದ್ದಕ್ಕಿದ್ದಂತೆ ಎತ್ತರವಾದದ್ದರ ಹಿಂದಿನ ಗುಟ್ಟು ಈ ಚಿಕ್ಕ ಗಾಲಿ.

ಇಂಥ ಪಾರ್ಕುಗಳನ್ನು ಕಟ್ಟಿದವರು ಯಾರು ಎಂಬುದೂ ಸ್ವಾರಸ್ಯದ ಸಂಗತಿ. ಬಹುಪಾಲು ಟ್ರಾಮ್ ಕಂಪನಿಗಳು. ವಿದ್ಯುತ್ ಬಂದ ಹೊಸತು. ವಾರವೆಲ್ಲ ಟ್ರಾಮಿನಲ್ಲಿ ಕೆಲಸಗಾರರು ತುಂಬಿರುತ್ತಿದ್ದರು, ಭಾನುವಾರ ಖಾಲಿ. ಹಳಿಯ ಕೊನೆಯಲ್ಲಿ ಒಂದು ತೋಪು, ಒಂದು ಕೆರೆ, ಒಂದು ಕೋಸ್ಟರ್ ಇಟ್ಟರೆ ಭಾನುವಾರವೂ ಟಿಕೆಟ್ ಹರಿಯಬಹುದು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಲ್ಲಿ ವಿದ್ಯುತ್ತು ಭಾನುವಾರ ಕಾರ್ಮಿಕರನ್ನು ಆಟಕ್ಕೆ ಕರೆದೊಯ್ದಾಗ ಇಲ್ಲಿ ಅದು ಕಾರ್ಮಿಕರನ್ನು ಇನ್ನಷ್ಟು ಆಳಕ್ಕೆ ಇಳಿಸಿತು ಎಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಮಾರನೆಯ ದಿನವೇ ಆ ಸಾಲು ಅಷ್ಟು ಸರಳವಲ್ಲ ಎಂದು ಗೊತ್ತಾಯಿತು.

ಪಿಟ್ಸ್‌ಬರ್ಗ್ ಹತ್ತಿರದ ಕೆನ್ನಿವುಡ್ ಪಾರ್ಕನ್ನು 1898ರಲ್ಲಿ ಟ್ರಾಮ್ ಕಂಪನಿಯೊಂದು ಶುರುಮಾಡಿತು. ಮನಾಂಗಹೀಲಾ ನದಿಯ ದಂಡೆಯ ದಿಬ್ಬದ ಮೇಲೆ ಅದು ಇಂದಿಗೂ ತುಂಬಿ ತುಳುಕುತ್ತದೆ. ಅಲ್ಲಿನ ‘ಜ್ಯಾಕ್ ರ್‍ಯಾಬಿಟ್’ 1920ರದು, ಮಿಲ್ಲರನ ಕೈಕೆಲಸ. ಸರಪಳಿ ಕಟಕಟ ಎನ್ನುತ್ತಾ ನಮ್ಮನ್ನು ಮೇಲೆಳೆದಾಗ ನದಿಯ ಆಚೆ ದಡದಲ್ಲಿ ಹೊಗೆ ಕಂಡಿತು. ಕಾರ್ನೆಗಿ 1875ರಲ್ಲಿ ಶುರುಮಾಡಿದ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ ಅದು. ನದಿಗುಂಟ ಸ್ವಲ್ಪ ಕೆಳಗೆ ಹೋಮ್‌ಸ್ಟೆಡ್. ಅಲ್ಲಿ 1892ರ ಜುಲೈ 6ರಂದು ಮುಷ್ಕರ ಹೂಡಿದ್ದ ಉಕ್ಕಿನ ಕಾರ್ಮಿಕರಿಗೂ ಕಂಪನಿ ತರಿಸಿದ ಪಿಂಕರ್ಟನ್ ಕಾವಲುಗಾರರಿಗೂ ದಿನವಿಡೀ ಗುಂಡಿನ ಕಾಳಗ ನಡೆದು ಎರಡೂ ಕಡೆ ಜನ ಸತ್ತರು. ಮುಷ್ಕರ ಸೋತಿತು. ಈ ಕಾರ್ಖಾನೆಗಳಲ್ಲಿ 12 ಗಂಟೆಯ ಪಾಳಿ 1923ರವರೆಗೂ ನಡೆಯಿತು. ಅಂದರೆ ಪಾರ್ಕ್ ಬಂದು ಇಪ್ಪತ್ತೈದು ವರ್ಷ ಆಗುವವರೆಗೂ ಅದರ ಎದುರು ದಡದಲ್ಲಿ ದುಡಿಯುತ್ತಿದ್ದವರಿಗೆ ಅಲ್ಲಿಗೆ ಬರಲು ಪುರುಸೊತ್ತು ಸಿಗುತ್ತಿದ್ದುದು ಅಪರೂಪ. ವಿದ್ಯುತ್ತು ಯಾರನ್ನೂ ಆಟಕ್ಕೆ ಕರೆದೊಯ್ಯುವುದಿಲ್ಲ. ಬಿಡುವನ್ನು ಜನ ಕೇಳಿ, ಬಡಿದಾಡಿ ಪಡೆಯಬೇಕು.

ಇಷ್ಟು ಯೋಚಿಸುವಷ್ಟರಲ್ಲಿ ಬಂಡಿ ತುದಿ ದಾಟಿತ್ತು. ಜ್ಯಾಕ್ ರ್‍ಯಾಬಿಟ್ಟಿನಲ್ಲಿ ಒಂದೇ ಇಳಿತ ಎರಡು ಮೆಟ್ಟಿಲಾಗಿ ಬರುತ್ತದೆ. ಮೊದಲನೆಯದಕ್ಕೆ ಸಾವರಿಸಿಕೊಳ್ಳುವ ಮುಂಚೆಯೇ ಎರಡನೆಯದು. ನಾನು ಸೀಟಿನಿಂದ ಎದ್ದೇಬಿಟ್ಟೆ. ಗೆಳತಿ ಕೈ ಮೇಲೆತ್ತಿ ಕೂಗುತ್ತಿದ್ದಳು. ನನಗೆ ನೆನಪಾದದ್ದು ತಾತ.

ತಾತ ಇಪ್ಪತ್ತೆಂಟು ವರ್ಷ ಗಣಿಯಲ್ಲಿದ್ದವರು. ಕೋಲಾರದ ಗಣಿಯ ಕೊನೆಯ ಹಂತಗಳು ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದ್ದವು. ಪಂಜರದಂಥ ಲಿಫ್ಟಿನಲ್ಲಿ ಒತ್ತೊತ್ತಾಗಿ ನಿಂತು ಇಳಿಯಬೇಕು. ‘ಮೊದಲನೇ ದಿನ ಬಿಟ್ಟಾಗ ಕರುಳು ಬಾಯಿಗೆ ಬಂದಿತ್ತು ಕಣಮ್ಮಾ’ ಎನ್ನುತ್ತಿದ್ದರು. ಆಮೇಲೆ ಅಭ್ಯಾಸವಾಯಿತಂತೆ. ಎಲ್ಲರೂ ಆ ಹೊತ್ತಿಗೆ ಮಾತು ನಿಲ್ಲಿಸುತ್ತಿದ್ದರಂತೆ. ಕೆನ್ನಿವುಡ್ಡಿನಲ್ಲಿ ನಾನು ಕೊಟ್ಟ ಕಾಸಿಗೆ ಸಿಕ್ಕಿದ್ದು ಅದೇ ಬೀಳು. ದೇಹಕ್ಕೆ ಎರಡರ ನಡುವೆ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸವಿರುವುದು ಕೆಳಗೆ ಏನು ಕಾದಿದೆ ಎಂಬುದರಲ್ಲಿ. ನನಗೆ ನಿಂಬೆ ಷರಬತ್ತು, ಅವರಿಗೆ ಎಂಟು ಗಂಟೆ ಬಿಸಿ ಬಂಡೆ.

ನಾಲ್ಕನೆಯ ದಿನ ವಾಷಿಂಗ್ಟನ್ನಿಗೆ ಹಿಂತಿರುಗುವಾಗ ನಾನು ಸೇರಿಸಿದ್ದ ಎರಡನೆಯ ಊರು, ಮೇರಿಲ್ಯಾಂಡಿನ ಗ್ಲೆನ್ ಎಕೋ. ಇದೂ ಟ್ರಾಮ್ ಹಳಿಯ ಕೊನೆಯ ಪಾರ್ಕೇ. ಇಲ್ಲಿಯೂ ಒಂದು ಕೋಸ್ಟರ್ ಇತ್ತು, ಈಗಿಲ್ಲ. ಉಳಿದಿರುವುದು 1921ರ ಮರದ ಕುದುರೆಗಳ ಗಿರಕಿ. ಕುದುರೆಗಳ ಜೊತೆ ಮೊಲ, ಉಷ್ಟ್ರಪಕ್ಷಿಗಳೂ ಇವೆ.

ಈ ಪಾರ್ಕಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. 1960ರ ಜೂನ್ 30ರಂದು ಹೊವಾರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗುಂಪು ಒಳಗೆ ಬಂದು ಈ ಪ್ರಾಣಿಗಳ ಮೇಲೆ ಕೂತಿತು. ಟಿಕೆಟನ್ನು ಬಿಳಿಯ ಗೆಳೆಯರು ತೆಗೆದುಕೊಟ್ಟಿದ್ದರು. ಗಿರಕಿ ತಿರುಗಲಿಲ್ಲ. ಕಾವಲುಗಾರ ಬಂದು ಇಳಿಯಿರಿ ಎಂದ, ಅವರು ಇಳಿಯಲಿಲ್ಲ. ಐವರು ಬಂಧನಕ್ಕೊಳಗಾದರು. ಆ ಬೇಸಿಗೆಯೆಲ್ಲ ವಿದ್ಯಾರ್ಥಿಗಳ ಜೊತೆ ಪಕ್ಕದ ಬ್ಯಾನಕ್‌ಬರ್ನ್ ಬಡಾವಣೆಯ ನಿವಾಸಿಗಳೂ ಗೇಟಿನ ಮುಂದೆ ಫಲಕ ಹಿಡಿದು ನಡೆದರು. 1961ರ ಮಾರ್ಚಿನಲ್ಲಿ ಪಾರ್ಕ್ ಎಲ್ಲರಿಗೂ ತೆರೆಯಿತು. ಅತಿಕ್ರಮ ಪ್ರವೇಶದ ಶಿಕ್ಷೆಯನ್ನು 1964ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಾವಲುಗಾರ ಪಾರ್ಕಿನ ಪರವಾಗಿ ನಿಂತಿದ್ದರೂ ಕೌಂಟಿ ಕೊಟ್ಟ ಪೊಲೀಸ್ ಅಧಿಕಾರ ಚಲಾಯಿಸಿದ್ದ, ಆದ್ದರಿಂದ ತಡೆದದ್ದು ಸರ್ಕಾರವೇ ಎಂಬುದು ತೀರ್ಪಿನ ತಿರುಳು. ಬಾಲ್ಟಿಮೋರಿನ ಗ್ವಿನ್ ಓಕ್ ಪಾರ್ಕ್ ಎಲ್ಲರಿಗೂ ತೆರೆದದ್ದು 1963ರ ಆಗಸ್ಟ್ 28ರಂದು, ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರೆದುರು ಮಾತಾಡಿದ ದಿನವೇ. ಅಂದು ಅಲ್ಲಿನ ಗಿರಕಿ ಏರಿದ ಮೊದಲ ಕಪ್ಪು ಮಗುವಿಗೆ 11 ತಿಂಗಳು. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಕಿಂಗ್, ಟಿವಿಯಲ್ಲಿ ಜಾಹೀರಾತು ಕಂಡ ಪಾರ್ಕಿಗೆ ತಾನೇಕೆ ಹೋಗುವಂತಿಲ್ಲ ಎಂದು ಕೇಳುವ ಮಗಳಿಗೆ ಉತ್ತರಿಸುವ ಕಷ್ಟವನ್ನು ಹೇಳಿಕೊಂಡಿದ್ದಾರೆ.

ಮತದಾನ, ಶಾಲೆ, ಕೆಲಸದ ಹಕ್ಕುಗಳ ಮುಂದೆ ಮರದ ಕುದುರೆ ಸಣ್ಣ ವಿಷಯ ಎನಿಸಬಹುದು. ಪಾರ್ಕಿನ ಮಾಲೀಕರಿಗೆ ಅದು ಸಣ್ಣದಾಗಿದ್ದರೆ ಅಷ್ಟು ವರ್ಷ ಗೇಟು ಕಾಯುತ್ತಿರಲಿಲ್ಲ. ಜೊತೆಯಲ್ಲಿ ದುಡಿಯುವುದಕ್ಕಿಂತ ಜೊತೆಯಲ್ಲಿ ನಗುವುದನ್ನು ತಡೆಯಲು ಜನ ಹೆಚ್ಚು ಹಟ ಮಾಡುತ್ತಾರೆ. ನಮ್ಮ ಊರಿನಲ್ಲೂ ಒಂದು ಕ್ಲಬ್ಬು ಇತ್ತು, ಹುಲ್ಲುಹಾಸು ಇತ್ತು. ತಾತ ಅದರೊಳಗೆ ಹೋದದ್ದು ಒಂದೇ ಸಲ, ಕುರ್ಚಿ ಹೊರಲು. ನನ್ನ ಟಿಪ್ಪಣಿಗಳಲ್ಲಿ ಆ ಕ್ಲಬ್ಬಿನ ಬಗ್ಗೆ ಹನ್ನೆರಡು ಪುಟಗಳಿವೆ. ಕುರ್ಚಿಯ ಮಾತು ಅದರಲ್ಲಿ ಇಲ್ಲ. ಅದು ಕಡತದಲ್ಲಿಲ್ಲ, ಮನೆಯ ಮಾತು ಎಂದು ಬಿಟ್ಟಿದ್ದೆ.

ಟಿಕೆಟ್ ಕೊಂಡು ಒಂದು ಮೊಲದ ಮೇಲೆ ಕೂತೆ. ಗೆಳತಿ ನಕ್ಕಳು, ಪಟ್ಟಿಗೆ ಇದು ಸೇರುವುದಿಲ್ಲ ಎಂದಳು. ನನ್ನ ಮುಂದೆ ಒಬ್ಬ ಪುಟ್ಟ ಹುಡುಗ ಕುದುರೆ ಏರಲಾರದೆ ಒದ್ದಾಡುತ್ತಿದ್ದ, ಅವನ ಅಜ್ಜ ಎತ್ತಿ ಕೂರಿಸಿದರು. ಬ್ಯಾಂಡಿನ ಪೆಟ್ಟಿಗೆ ಬಾರಿಸತೊಡಗಿತು, ಗಿರಕಿ ತಿರುಗಿತು. ಇಲ್ಲಿ ಯಾರ ಕರುಳೂ ಬಾಯಿಗೆ ಬರುವುದಿಲ್ಲ. ಇಳಿದ ಮೇಲೆ ಬೆಂಚಿನ ಮೇಲೆ ಕೂತು ನೋಟ್‌ಬುಕ್ ತೆಗೆದು ಕುರ್ಚಿಯ ಸಂಗತಿಯನ್ನು ಮೊದಲು ಬರೆದುಕೊಂಡೆ.