ಬೆಟ್ಟಕ್ಕೆ ಹೋದವರು ಜಿಂಕೆಗಾಗಿ ಹೋಗಿರಲಿಲ್ಲ

ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಕೊಳ್ಳೇಗಾಲಕ್ಕೆ ಬರುತ್ತಿದ್ದಾರೆ. ಚಿಕ್ಕವಳ ಅಪ್ಪಣೆ ಫೋನಿನಲ್ಲೇ ಆಗಿದೆ: "ತಾತ, ಸಾಂತಾ ಗಾಡಿ ಎಳೆಯುತ್ತಲ್ಲ, ಆ ಜಿಂಕೆ ತೋರಿಸಬೇಕು." ಅವಳು ಕೇಳಿದ ಹಿಮಸಾರಂಗ ಇರುವುದು ನಾರ್ವೆ, ಫಿನ್ಲೆಂಡ್, ರಷ್ಯಾದ ಕಡೆ. ನಮ್ಮ ಕೈಗೆಟಕುವುದು ಯಳಂದೂರಿನ ಮೇಲಿರುವ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಚುಕ್ಕೆ ಜಿಂಕೆ ಉಂಟು, ಕಡವೆ ಉಂಟು, ಅದೃಷ್ಟವಿದ್ದರೆ ಕಾಡುಕುರಿ. ಅಷ್ಟಕ್ಕೇ ಅವಳನ್ನು ಒಪ್ಪಿಸಬೇಕು.  

ಮಗ ಕಾರು, ಊಟ, ಸಫಾರಿ ಎಂದು ಲೆಕ್ಕ ಹಾಕುತ್ತಿದ್ದಾನೆ. ನನಗನ್ನಿಸಿದ್ದು ಬೇರೆ. ಜಿಂಕೆ ನೋಡುವುದಕ್ಕೆಂದೇ ನಮ್ಮ ಮನೆಯಿಂದ ಯಾರೂ ಹೊರಟವರಲ್ಲ. ಅವ್ವ ಬೆಟ್ಟ ಹತ್ತುತ್ತಿದ್ದದ್ದು ಬೆಟ್ಟದ ದೇವರು ರಂಗಪ್ಪನಿಗಾಗಿ, ಸಂಕ್ರಾಂತಿಯ ಚಿಕ್ಕ ಜಾತ್ರೆಗೆ. ದಾರಿಯಲ್ಲಿ ಜಿಂಕೆ ಕಂಡರೆ ಕಂಡಿತು, ಆನೆ ಮಾತ್ರ ಎದುರಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. 1956ರ ನವೆಂಬರ್‌ಗೆ ಮುಂಚೆ ಅದು ಬೇರೆ ರಾಜ್ಯದ ಪ್ರಯಾಣವೂ ಹೌದು. ಹನೂರು ಸೇರಿದ್ದ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು.

ಮೃಗಗಳನ್ನೇ ಅರಸಿ ಬೆಟ್ಟಕ್ಕೆ ಬಂದವರು ಕೋವಿ ಹಿಡಿದವರು. ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಈ ಬೆಟ್ಟಸಾಲಿನ ಬಗ್ಗೆಯೂ ಇಲ್ಲಿನ ಆದಿವಾಸಿಗಳಾದ ಸೋಲಿಗರ ಬಗ್ಗೆಯೂ ಬರೆದ. ಇದೇ ಬೆಟ್ಟಸಾಲಿನ ಹೊನ್ನಮೇಟಿಯ ಕಾಫಿ ತೋಟದ ಆರ್.ಸಿ. ಮಾರಿಸ್ ಬೇಟೆಯನ್ನೂ ಆಡಿದ, ಇಲ್ಲಿನ ಪ್ರಾಣಿಗಳ ಮೇಲೆ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಗೆ ಟಿಪ್ಪಣಿಗಳನ್ನೂ ಬರೆದ. ಕ್ಯಾತದೇವರ ಗುಡಿ ಎಂಬಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆಯಿತ್ತು. ಮಗ ಈಗ ಸಫಾರಿ ವಿಚಾರಿಸುತ್ತಿರುವ ಜಂಗಲ್ ಲಾಡ್ಜಸ್ ಇರುವುದೂ ಅಲ್ಲೇ. ಕೋವಿ ಹೋಯಿತು, ಕ್ಯಾಮರಾ ಬಂತು.

ಇವರೆಲ್ಲರಿಗೂ ದಾರಿ ತೋರಿಸಿದವರು ಸೋಲಿಗರು. ರಂಗಪ್ಪ ಅವರ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು, ಹಾಗಾಗಿ ಅವರಿಗೆ ದೇವರಲ್ಲ, ಭಾವ. 1972ರ ವನ್ಯಜೀವಿ ಕಾಯಿದೆಯಿಂದ ಅವರ ಬೇಟೆ ನಿಂತಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡಿನೊಳಗೆ ಚದುರಿದ್ದ ಅವರ ಎಷ್ಟೋ ಪೋಡುಗಳನ್ನು, ಅಂದರೆ ಹಾಡಿಗಳನ್ನು, ಕಿತ್ತು ರಸ್ತೆ ಬದಿಯ ಕಾಲೊನಿಗಳಿಗೆ ಸೇರಿಸಿದರು. ಬೇಸಿಗೆಗೆ ಮುಂಚೆ ಅವರು ಇಡುತ್ತಿದ್ದ ತರಗುಬೆಂಕಿಯೂ ನಿಷಿದ್ಧವಾಯಿತು. ಆ ಬೆಂಕಿ ಒಣ ಎಲೆಯನ್ನಷ್ಟೇ ಸುಟ್ಟು ಹೊಸ ಹುಲ್ಲಿಗೆ ದಾರಿ ಮಾಡುತ್ತಿತ್ತು, ಅದು ನಿಂತ ಮೇಲೆ ಲಂಟಾನದ ಕಳೆ ನುಗ್ಗಿತು ಎನ್ನುತ್ತಾರೆ ಸೋಲಿಗರು. ಇಂದು ಸಫಾರಿ ಜೀಪಿನಲ್ಲಿ ಕೂತವರಿಗೆ ಎಷ್ಟೋ ಕಡೆ ಕಾಣುವುದು ಲಂಟಾನದ ಗೋಡೆ. ಜಿಂಕೆ ಅದರ ಆಚೆ ಇದ್ದರೂ ಇಲ್ಲದಿದ್ದರೂ ನಮಗೆ ಒಂದೇ. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಏನೇ ಆಗಲಿ, ತರಗುಬೆಂಕಿಯನ್ನು ಬಿಡಿಸಿದ್ದು ಕಾಡಿಗೆ ಒಳ್ಳೆಯದಾಯಿತು ಎಂದು ನನ್ನನ್ನು ಯಾರೂ ಒಪ್ಪಿಸಲಾರರು.

ಸಂಕ್ರಾಂತಿಯ ನೂಕುನುಗ್ಗಲು ಬೇಡ, ಕ್ರಿಸ್‌ಮಸ್ ವಾರದ ಶನಿವಾರ ಭಾನುವಾರವೂ ಬೇಡ ಎಂದಿದ್ದೇನೆ. ಬೆಳಕು ಹರಿಯುವ ಮುಂಚೆ ಹೊರಟು ಗುಂಬಳ್ಳಿ ಚೆಕ್‌ಪೋಸ್ಟಿನ ಗೇಟು ತೆರೆಯುವಾಗ ಅಲ್ಲಿರಬೇಕು, ಪ್ಲಾಸ್ಟಿಕ್ ಚೀಲ ತರಬಾರದು ಎಂದು ಸೊಸೆಗೆ ಹೇಳಿಯಾಗಿದೆ. ಜಿಂಕೆ ಕಾಣದೇ ಹೋದರೆ ಮರುದಿನ ಹನೂರು ಕಡೆಯ ಒಡೆಯರಪಾಳ್ಯ, 1974ರಲ್ಲಿ ಟಿಬೆಟಿಯನ್ನರು ಬಂದು ನೆಲೆಸಿದ ಊರು. ಬುದ್ಧ ಮೊದಲು ಬೋಧಿಸಿದ್ದು ಸಾರನಾಥದ ಜಿಂಕೆವನದಲ್ಲಾದ್ದರಿಂದ ಅವರ ಮಠಗಳ ನೆತ್ತಿಯ ಮೇಲೆ ಧರ್ಮಚಕ್ರದ ಎರಡೂ ಕಡೆ ಚಿನ್ನದ ಬಣ್ಣದ ಜಿಂಕೆ ಕೂರಿಸುತ್ತಾರೆ. ಚಿಕ್ಕವಳು ಅವಕ್ಕೂ ಗಾಡಿ ಎಲ್ಲಿ ಎಂದು ಕೇಳಿದರೆ ಉತ್ತರ ಅವರಪ್ಪ ಹೇಳಲಿ.